ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರನ್ನೂ ಬೆಟ್ಟಕ್ಕೆ ಕರೆದೊಯ್ಯುವುದು ಹೇಗೆ?

ಪಳಗಿದ ಚಾರಣಿಗರ ಜೊತೆ ಬೆಟ್ಟ ಹತ್ತುವುದು ಸುಲಭ. ಮಂಡಿ ನೋಯುತ್ತಿದೆ ಎಂದರೆ ನಿಲ್ಲುತ್ತಾರೆ, ಮೋಡ ಕವಿಯಿತು ಎಂದರೆ ಇಳಿಯುತ್ತಾರೆ, ಯಾರೂ ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ಬಂಧುಗಳೂ ಗೆಳೆಯರೂ ಕೂಡಿದ ಗುಂಪಿನ ಕಷ್ಟವೇ ಬೇರೆ. ಅತ್ತೆಗೆ ಉಸಿರು ಕಟ್ಟುತ್ತಿದ್ದರೂ ಅಳಿಯನ ಎದುರು ಹೇಳಲು ಸಂಕೋಚ. ದಾರಿ ತಪ್ಪಿರಬಹುದು ಎಂದು ಭಾವನಿಗೆ ಅನಿಸಿದ್ದರೂ, ಎಲ್ಲರೂ ನಗುತ್ತಾ ನಡೆಯುತ್ತಿರುವಾಗ ಅಪಸ್ವರ ಏಕೆ ಎಂದು ಬಾಯಿ ಮುಚ್ಚಿಕೊಂಡಿರುತ್ತಾನೆ. ಇಂಥ ಗುಂಪಿನಲ್ಲಿ ನಾನು ಕಡಿದಾದ ಬಂಡೆಗಿಂತ ಹೆಚ್ಚು ಹೆದರುವುದು ಈ ಮುಲಾಜಿಗೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಬೂಟು, ಡೇರೆ, ಹಗ್ಗಗಳಿಗಿಂತ ಹೆಚ್ಚು ಜಾಗವನ್ನು ಮನೆಯಲ್ಲಿ ಕುಳಿತು ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳಿಗೆ ಕೊಟ್ಟಿದ್ದೇನೆ. ಅಲ್ಲಿ ತೀರ್ಮಾನವಾದದ್ದನ್ನು ಬೆಟ್ಟದ ಮೇಲೆ ಚರ್ಚಿಸಬೇಕಾಗುವುದಿಲ್ಲ.

1. ಒಬ್ಬೊಬ್ಬರನ್ನೇ ಕೇಳಿ

ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಯಾರೆಲ್ಲ ಬರುತ್ತೀರಿ?" ಎಂದು ಕೇಳಿದರೆ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಅದು ಉತ್ಸಾಹದ ಲೆಕ್ಕವೇ ಹೊರತು ಸಾಮರ್ಥ್ಯದ ಲೆಕ್ಕವಲ್ಲ. ಆಮೇಲೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಫೋನ್ ಮಾಡಿ. "ನಡೆಯಲು ಆಗುತ್ತದೆಯೇ?" ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. "ಕಳೆದ ಒಂದು ತಿಂಗಳಲ್ಲಿ ಒಂದೇ ದಿನ ಅತಿ ಹೆಚ್ಚು ನಡೆದದ್ದು ಎಷ್ಟು ಹೊತ್ತು? ಮರುದಿನ ಕಾಲು ಹೇಗಿತ್ತು?" ಎಂದು ಕೇಳಿ. ಇದಕ್ಕೆ ಸುಳ್ಳು ಉತ್ತರ ಕೊಡುವುದು ಕಷ್ಟ.

ಆರೋಗ್ಯದ ವಿಷಯವನ್ನೂ ಇದೇ ಕರೆಯಲ್ಲಿ ಮುಗಿಸಿ. ಮಂಡಿ ಅಥವಾ ಬೆನ್ನು ನೋವು, ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಜೇನುನೊಣ ಕಚ್ಚಿದರೆ ಮೈಯೆಲ್ಲ ಊದಿಕೊಳ್ಳುವ ಅಲರ್ಜಿ, ಎತ್ತರದ ಭಯ, ಈಜು ಬರುತ್ತದೆಯೇ ಇಲ್ಲವೇ ಎಂಬುದನ್ನೆಲ್ಲ ಕೇಳಿ. ದಿನಾ ತೆಗೆದುಕೊಳ್ಳುವ ಔಷಧಿ ಯಾವುದು, ಅದು ಚೀಲದ ಯಾವ ಜೇಬಿನಲ್ಲಿರುತ್ತದೆ ಎಂಬುದು ಕನಿಷ್ಠ ಇನ್ನೊಬ್ಬರಿಗೆ ಗೊತ್ತಿರಬೇಕು. ಇನ್‌ಹೇಲರ್ ಚೀಲದ ತಳದಲ್ಲಿದ್ದರೆ ಇಲ್ಲದ ಹಾಗೆಯೇ. ಹೀಗೆ ತಿಳಿದದ್ದನ್ನು ಗುಂಪಿನ ಮುಂದೆ ಹರಡಬೇಡಿ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಬಾರಿ ಯಾರೂ ನಿಮಗೆ ನಿಜ ಹೇಳುವುದಿಲ್ಲ.

2. ಮಧ್ಯದಲ್ಲಿ ಬಿಡಬಹುದಾದ ದಾರಿಯನ್ನು ಆರಿಸಿ

ಅತ್ಯಂತ ನಿಧಾನವಾಗಿ ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಜಾಗ ಆರಿಸಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಅಕ್ಷರಶಃ ಪಾಲಿಸಿದರೆ ಹದಿಹರೆಯದವರು ಮಧ್ಯಾಹ್ನದ ಹೊತ್ತಿಗೆ ಬೇಸತ್ತು ಮೊಬೈಲ್ ಹಿಡಿದು ಕೂರುತ್ತಾರೆ. ಕವಲೊಡೆಯಬಲ್ಲ ದಾರಿಯನ್ನು ಹುಡುಕುವುದು ಇದಕ್ಕಿಂತ ಒಳ್ಳೆಯ ಉಪಾಯ. ಒಂದು ಗಂಟೆಯ ನಡಿಗೆಯ ನಂತರ ನೆರಳು, ಕುಳಿತುಕೊಳ್ಳಲು ಸಮತಟ್ಟಾದ ಜಾಗ, ನೋಡಲು ಏನಾದರೂ ಒಂದು ಇರಬೇಕು. ಅಜ್ಜ, ಪುಟ್ಟ ಮಕ್ಕಳು ಮತ್ತು ಅವರ ಜೊತೆಗೆ ಒಬ್ಬಿಬ್ಬರು ಗಟ್ಟಿಮುಟ್ಟಾದವರು ಅಲ್ಲಿ ಉಳಿಯಬಹುದು. ಉಳಿದವರು ತುದಿ ಮುಟ್ಟಿ ಬರಬಹುದು. ಅಲ್ಲಿ ಉಳಿಯುವುದನ್ನು ಸೋಲು ಎಂದು ಯಾರೂ ಭಾವಿಸದ ಹಾಗೆ ಅದನ್ನು ಮೊದಲಿನಿಂದಲೇ ಯೋಜನೆಯ ಭಾಗವಾಗಿಸಿ. ಊಟದ ಬುತ್ತಿಯನ್ನು ಅಲ್ಲಿಯೇ ಇಟ್ಟುಬಿಟ್ಟರೆ ಆ ಜಾಗದ ಘನತೆ ತಾನಾಗಿ ಹೆಚ್ಚುತ್ತದೆ.

ಸುತ್ತಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ಹಿಂದಿರುಗುವ ದಾರಿ ಇಂಥ ಗುಂಪಿಗೆ ಒಳ್ಳೆಯದು. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದಕ್ಕೆ ಹೋಗುವುದೂ ಮುಂದಕ್ಕೆ ಹೋಗುವುದೂ ಒಂದೇ ಆಗುತ್ತದೆ, ಕಾಲು ಉಳುಕಿದವರಿಗೆ ಯಾವ ಕಡೆಯೂ ದಾರಿ ಹತ್ತಿರವಿರುವುದಿಲ್ಲ. ಅದೇ ದಾರಿಯಲ್ಲಿ ಮರಳುವಾಗ ಯಾವ ಕ್ಷಣದಲ್ಲಿ ಬೇಕಾದರೂ ತಿರುಗಬಹುದು. ಇಳಿಯಬೇಕಾದ ಇಳಿಜಾರು ಎಂಥದ್ದು ಎಂಬುದೂ ಹತ್ತುವಾಗಲೇ ಗೊತ್ತಾಗಿರುತ್ತದೆ.

ಪ್ರವೇಶಕ್ಕೆ ಅನುಮತಿ ಬೇಕೇ, ಋತುವಿಗೆ ಅನುಗುಣವಾಗಿ ದಾರಿ ಮುಚ್ಚುತ್ತಾರೆಯೇ, ಮೊಬೈಲ್ ಸಿಗ್ನಲ್ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ಆ ಜಾಗಕ್ಕೆ ಇತ್ತೀಚೆಗೆ ಹೋಗಿ ಬಂದವರಲ್ಲಿ ವಿಚಾರಿಸಿ. ಸಾಧ್ಯವಾದರೆ ಗುಂಪಿನ ಇಬ್ಬರು ಮೊದಲೇ ಹೋಗಿ ನೋಡಿ ಬರುವುದು ಉತ್ತಮ.

3. ಗಡಿಯಾರದ ಲೆಕ್ಕ ಹಾಕಿ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರುವ ದಾರಿ 10 ಕಿಲೋಮೀಟರ್, ಏರು 600 ಮೀಟರ್ ಎಂದಾದರೆ ಮೂರು ಗಂಟೆ. ಆದರೆ ಇದು ಗಟ್ಟಿಮುಟ್ಟಾದ ವಯಸ್ಕರು ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಸಮಯ. ನಿಮ್ಮ ಗುಂಪಿನಲ್ಲಿ ಪ್ರತಿ ಹತ್ತು ಹೆಜ್ಜೆಗೊಂದು ಕಲ್ಲು ಹೆಕ್ಕುವ ಮಗುವಿರುತ್ತದೆ, ಪ್ರತಿ ತಿರುವಿನಲ್ಲೂ ಫೋಟೊ ತೆಗೆಯುವ ಚಿಕ್ಕಪ್ಪನಿರುತ್ತಾರೆ. ಸೂತ್ರ ಹೇಳಿದ್ದನ್ನು ಎರಡರಷ್ಟು ಮಾಡಿ, ಊಟದ ಸಮಯವನ್ನು ಬೇರೆಯಾಗಿ ಸೇರಿಸಿ. ಮೂರು ಗಂಟೆ ಹೀಗೆ ಏಳು ಗಂಟೆಯಾಗುತ್ತದೆ. ಇಳಿಯುವಾಗ ಬೇಗ ಆಗುತ್ತದೆ ಎಂದು ಲೆಕ್ಕ ಕಡಿಮೆ ಮಾಡಬೇಡಿ, ದಣಿದ ಮಂಡಿಗಳಿಗೆ ಇಳಿಜಾರೇ ಹೆಚ್ಚು ಕಷ್ಟ.

ಈಗ ಹಿಂದಿನಿಂದ ಲೆಕ್ಕ ಹಾಕಿ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ವಾಹನದ ಹತ್ತಿರ ಇರಬೇಕು. ಅದರಿಂದ ಹೊರಡುವ ಸಮಯ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ತಿರುಗುವ ಸಮಯ. ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೊಂದಕ್ಕೆ ತಿರುಗುವುದು ಎಂದಿಟ್ಟುಕೊಳ್ಳಿ. ಹನ್ನೊಂದು ಹೊಡೆದಾಗ ಶಿಖರ ಎದುರಿಗೇ ಕಾಣುತ್ತಿದ್ದರೂ ತಿರುಗಬೇಕು. ಈ ಸಮಯವನ್ನು ಎಲ್ಲರಿಗೂ ಹಿಂದಿನ ದಿನವೇ ಹೇಳಿ, ಫೋನಿನಲ್ಲಿ ಅಲಾರಾಂ ಇಡಿ. ಆಗ "ಹಿಂದಿರುಗೋಣ" ಎನ್ನುವ ಕೆಟ್ಟ ಹೆಸರು ಮನುಷ್ಯರ ಬದಲು ಗಡಿಯಾರಕ್ಕೆ ಬರುತ್ತದೆ.

ಗಡಿಯಾರ ಕೈಕೊಟ್ಟರೆ ಅಂದಾಜಿಗೆ ಒಂದು ಉಪಾಯವಿದೆ. ಕೈಯನ್ನು ನೇರವಾಗಿ ಚಾಚಿ, ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಅಡ್ಡಲಾಗಿ ಹಿಡಿಸುತ್ತವೆ ನೋಡಿ. ಒಂದು ಬೆರಳಿಗೆ ಸುಮಾರು ಹದಿನೈದು ನಿಮಿಷ. ಬೆಟ್ಟಗಳ ನಡುವೆ, ಕಾಡಿನೊಳಗೆ ಅದಕ್ಕಿಂತ ಮೊದಲೇ ಕತ್ತಲಾಗುತ್ತದೆ.

4. ಕೆಲಸ ಹಂಚಿ, ಮುಂದಾಳನ್ನು ಆರಿಸಿ

ಕುಟುಂಬದಲ್ಲಿ ಹಿರಿಯರು ಇರುತ್ತಾರೆ, ಆದರೆ ಬೆಟ್ಟದಲ್ಲಿ ಮುಂದಾಳು ಹಿರಿಯರೇ ಆಗಿರಬೇಕೆಂದಿಲ್ಲ. ದಾರಿ ಬಲ್ಲವರು, ನಕ್ಷೆ ಓದಬಲ್ಲವರು, ಸಿಟ್ಟು ಮಾಡಿಕೊಳ್ಳದೆ "ಬೇಡ" ಎನ್ನಬಲ್ಲವರು ಮುಂದಾಳಾಗಬೇಕು. ಅವರ ವಯಸ್ಸು ಇಪ್ಪತ್ತೈದಾಗಿದ್ದರೆ ಮನೆಯ ಹಿರಿಯರೊಬ್ಬರು ಎಲ್ಲರೆದುರು "ಇವತ್ತು ಇವಳು ಹೇಳಿದಂತೆ" ಎಂದು ಒಂದು ಮಾತು ಹೇಳಿಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಮುಂದಾಳಿನಷ್ಟೇ ಮುಖ್ಯ ಕೊನೆಯಲ್ಲಿ ನಡೆಯುವವರು. ಸಾಮಾನ್ಯವಾಗಿ ಗುಂಪಿನ ಅತ್ಯಂತ ಚುರುಕಿನ ಆಸಾಮಿ ಎಲ್ಲರಿಗಿಂತ ಮುಂದೆ ಓಡುತ್ತಾನೆ. ಅವನನ್ನೇ ಕರೆದು ಕೊನೆಗೆ ನಿಲ್ಲಿಸಿ, ಪ್ರಥಮ ಚಿಕಿತ್ಸೆಯ ಚೀಲವನ್ನೂ ಹೆಚ್ಚುವರಿ ನೀರನ್ನೂ ಅವನ ಬೆನ್ನಿಗೇರಿಸಿ. ತೊಂದರೆಗೆ ಸಿಲುಕುವವರು ಹಿಂದೆ ಬಿದ್ದವರೇ ಆದ್ದರಿಂದ ಶಕ್ತಿಯೂ ಔಷಧಿಯೂ ಹಿಂದೆಯೇ ಇರಬೇಕು. ಅತ್ಯಂತ ನಿಧಾನವಾಗಿ ನಡೆಯುವವರು ಮುಂದಾಳಿನ ಬೆನ್ನ ಹಿಂದೆಯೇ ನಡೆಯಲಿ. ಹಾಗಾದಾಗ ಇಡೀ ಗುಂಪಿನ ವೇಗ ಅವರ ವೇಗವಾಗುತ್ತದೆ, ಅವರಿಗೆ ಎಲ್ಲರನ್ನೂ ಕಾಯಿಸುತ್ತಿದ್ದೇನೆ ಎಂಬ ಮುಜುಗರವೂ ಇರುವುದಿಲ್ಲ.

ಇನ್ನೊಂದು ಒಪ್ಪಂದ ಬೇಕು. ಯಾರೇ ಆಗಲಿ, ಹತ್ತು ವರ್ಷದ ಮಗುವಾದರೂ ಸರಿ, "ನನಗೆ ಇದು ಸರಿ ಕಾಣುತ್ತಿಲ್ಲ" ಎಂದರೆ ಎಲ್ಲರೂ ನಿಂತು ಕೇಳಬೇಕು, ಯಾರೂ ನಗಬಾರದು. ಇದು ಸಣ್ಣ ವಿಷಯದಂತೆ ಕಾಣಬಹುದು. ಅಮೆರಿಕದಲ್ಲಿ ನಡೆದ ನೂರಾರು ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದ ಇಯಾನ್ ಮೆಕ್‌ಕ್ಯಾಮನ್ ಅವರು ಜನರನ್ನು ಅಪಾಯಕ್ಕೆ ತಳ್ಳುವ ಮನಸ್ಸಿನ ಅಡ್ಡದಾರಿಗಳನ್ನು ಗುರುತಿಸಿದ್ದಾರೆ. ಪರಿಚಿತ ಜಾಗ ಎಂಬ ಧೈರ್ಯ, ಇಷ್ಟು ದೂರ ಬಂದಾಗಿದೆ ಎಂಬ ಹಟ, ಜೊತೆಯವರ ಮೆಚ್ಚುಗೆ ಗಳಿಸುವ ಆಸೆ, ಗುಂಪಿನಲ್ಲೊಬ್ಬ ಬಲ್ಲವನಿದ್ದಾನೆ ಎಂಬ ನಂಬಿಕೆ ಆ ಪಟ್ಟಿಯಲ್ಲಿವೆ. ಹಿಮವೇ ಇಲ್ಲದ ಬೆಟ್ಟದಲ್ಲೂ ಬಂಧುಮಿತ್ರರ ಗುಂಪಿನಲ್ಲಿ ಈ ನಾಲ್ಕೂ ತಪ್ಪದೆ ಹಾಜರಿರುತ್ತವೆ.

ಮಕ್ಕಳಿಗೂ ನಿಜವಾದ ಕೆಲಸ ಕೊಡಿ. ಪ್ರತಿ ನಿಲುಗಡೆಯಲ್ಲಿ ತಲೆ ಎಣಿಸುವುದು ಎಂಟು ವರ್ಷದ ಮಗುವಿಗೆ ಹೇಳಿ ಮಾಡಿಸಿದ ಕೆಲಸ, ಅವರು ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ. ಖರ್ಚಿನ ವಿಷಯವನ್ನೂ ಹೊರಡುವ ಮೊದಲೇ ಮುಗಿಸಿ: ಒಬ್ಬರು ಹಣ ಸಂಗ್ರಹಿಸಿ, ಒಬ್ಬರೇ ಖರ್ಚು ಮಾಡಿ, ಬಂದ ಮೇಲೆ ಲೆಕ್ಕ ಕೊಡಲಿ.

5. ಸಾಮಾನು

ಅಂಗಡಿಗಳಲ್ಲಿ ಕಾಣುವ ಮುಕ್ಕಾಲು ಪಾಲು ವಸ್ತುಗಳು ಒಂದು ದಿನದ ನಡಿಗೆಗೆ ಬೇಕಾಗುವುದಿಲ್ಲ. ಪ್ರತಿಯೊಬ್ಬರ ಬಳಿಯೂ ತಮ್ಮದೇ ನೀರು, ತಿನ್ನಲು ಸ್ವಲ್ಪ, ಮಳೆಯಂಗಿ, ಬೆಚ್ಚಗಿನ ಒಂದು ಉಡುಪು, ಟಾರ್ಚ್ ಮತ್ತು ಸೀಟಿ ಇರಬೇಕು. ಮಕ್ಕಳ ಬಳಿಯೂ ಇರಬೇಕು, ಏಕೆಂದರೆ ಗುಂಪಿನಿಂದ ಬೇರೆಯಾದವರಿಗೆ ಅಪ್ಪನ ಚೀಲದಲ್ಲಿರುವ ಟಾರ್ಚ್‌ನಿಂದ ಪ್ರಯೋಜನವಿಲ್ಲ. ನಕ್ಷೆ, ಪ್ರಥಮ ಚಿಕಿತ್ಸೆ, ಚಾಕು, ಹಗ್ಗ, ಪವರ್‌ಬ್ಯಾಂಕ್ ಇಡೀ ಗುಂಪಿಗೆ ಒಂದೊಂದು ಸಾಕು.

ಒಂದು ದಿನದ ನಡಿಗೆಗೆ ಚೀಲದ ಭಾರ ದೇಹದ ತೂಕದ ಹತ್ತನೇ ಒಂದು ಭಾಗವನ್ನು, ರಾತ್ರಿ ತಂಗುವುದಾದರೆ ಐದನೇ ಒಂದು ಭಾಗವನ್ನು ಮೀರದಿರಲಿ. ಭಾರದ ವಸ್ತುಗಳು ಬೆನ್ನಿಗೆ ಒತ್ತಿಕೊಂಡು ನಡುವಿನಲ್ಲಿ ಬರುವಂತೆ ತುಂಬಿ. ಹೊಸ ಬೂಟು ಧರಿಸಿ ನೇರವಾಗಿ ಬೆಟ್ಟಕ್ಕೆ ಹೋಗಬೇಡಿ, ಎರಡು ವಾರ ಮನೆಯ ಸುತ್ತಮುತ್ತ ನಡೆದು ಪಳಗಿಸಿ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಹೀರುತ್ತದೆ. ಚಳಿ ಅಥವಾ ಮಳೆಯ ಜಾಗಕ್ಕೆ ಉಣ್ಣೆ ಅಥವಾ ಕೃತಕ ನೂಲಿನ ಬಟ್ಟೆ ಒಳ್ಳೆಯದು. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತಪ್ಪಲಿನ ಬಿಸಿಲು ನೋಡಿ ಸ್ವೆಟರನ್ನು ವಾಹನದಲ್ಲೇ ಬಿಡುವ ಮುನ್ನ ಈ ಲೆಕ್ಕ ಹಾಕಿ.

ನೀರು ಗಂಟೆಗೆ ಅರ್ಧ ಲೀಟರಿನಂತೆ, ಬಿಸಿಲಿದ್ದರೆ ಇನ್ನೂ ಹೆಚ್ಚು. ಹೊಳೆಯ ನೀರು ಎಷ್ಟೇ ತಿಳಿಯಾಗಿದ್ದರೂ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿ ಕುಡಿಯಿರಿ. ವಾಂತಿ ಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಚಮಚಗಳು ಸಮತಟ್ಟಾಗಿರಲಿ, ಉಪ್ಪು ಹೆಚ್ಚಾಗುವುದು ಮಕ್ಕಳಿಗೆ ಅಪಾಯ.

6. ಉಳಿದವರೊಬ್ಬರಿಗೆ ತಿಳಿಸಿ ಹೊರಡಿ

ಪ್ರವಾಸಕ್ಕೆ ಬಾರದ ಒಬ್ಬರ ಬಳಿ ಒಂದು ಚೀಟಿ ಇರಲಿ. ಯಾವ ದಾರಿ, ಯಾರ್ಯಾರು, ವಾಹನದ ಸಂಖ್ಯೆ ಏನು, ಎಷ್ಟು ಹೊತ್ತಿಗೆ ಕರೆ ಮಾಡುತ್ತೀರಿ, ಎಷ್ಟು ಹೊತ್ತಿನವರೆಗೆ ಕರೆ ಬರದಿದ್ದರೆ ಅವರು ಯಾರಿಗೆ ತಿಳಿಸಬೇಕು ಎಂಬುದನ್ನೆಲ್ಲ ಬರೆದುಕೊಡಿ. ಈ ಕೊನೆಯ ಅಂಶವನ್ನೇ ಹೆಚ್ಚಿನವರು ಬರೆಯುವುದಿಲ್ಲ, ಆಗ ಮನೆಯಲ್ಲಿದ್ದವರು "ಇನ್ನೂ ಸ್ವಲ್ಪ ಹೊತ್ತು ನೋಡೋಣ" ಎನ್ನುತ್ತಲೇ ಮಧ್ಯರಾತ್ರಿಯಾಗುತ್ತದೆ. ಬಹಳಷ್ಟು ದೇಶಗಳಲ್ಲಿ ತುರ್ತು ಸಂಖ್ಯೆ 112. ನೀವು ಹೋಗುವ ಕಡೆ ಯಾವುದು ಎಂದು ನೋಡಿ ಎಲ್ಲರ ಫೋನಿನಲ್ಲೂ ಉಳಿಸಿ. ಸಿಗ್ನಲ್ ಇಲ್ಲದ ಕಡೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿದರೆ ಬ್ಯಾಟರಿ ಉಳಿಯುತ್ತದೆ.

7. ನಡೆಯುವಾಗ

ಮೊದಲ ಅರ್ಧ ಗಂಟೆ ನಾಚಿಕೆಯಾಗುವಷ್ಟು ನಿಧಾನವಾಗಿ ನಡೆಯಿರಿ. ಮಾತನಾಡುತ್ತಲೇ ನಡೆಯಲು ಆಗುತ್ತಿದ್ದರೆ ವೇಗ ಸರಿಯಾಗಿದೆ, ವಾಕ್ಯ ತುಂಡಾಗುತ್ತಿದ್ದರೆ ಹೆಚ್ಚಾಗಿದೆ. ಹೊರಟು ಹದಿನೈದು ಇಪ್ಪತ್ತು ನಿಮಿಷವಾದ ಮೇಲೆ ಒಮ್ಮೆ ನಿಂತು ಬೂಟಿನ ದಾರ, ಚೀಲದ ಪಟ್ಟಿ ಸರಿಪಡಿಸಿಕೊಳ್ಳಿ, ಮೈ ಬಿಸಿಯಾಗಿದ್ದರೆ ಮೇಲುಡುಪು ತೆಗೆಯಿರಿ. ಆಮೇಲೆ ಗಂಟೆಗೊಂದು ಚಿಕ್ಕ ನಿಲುಗಡೆ ಸಾಕು.

ನಿಲುಗಡೆಯಲ್ಲಿ ಒಂದು ಕ್ರೂರ ಪದ್ಧತಿ ಎಲ್ಲ ಗುಂಪುಗಳಲ್ಲೂ ಕಾಣುತ್ತದೆ. ಮುಂದೆ ಹೋದವರು ಹತ್ತು ನಿಮಿಷ ಕುಳಿತು ಸುಧಾರಿಸಿಕೊಂಡಿರುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದ ಕೂಡಲೇ "ಸರಿ, ಎಲ್ಲರೂ ಬಂದರು, ಹೊರಡೋಣ" ಎಂದು ಎದ್ದುಬಿಡುತ್ತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲ. ಕೊನೆಯವರು ಚೀಲ ಇಳಿಸಿದ ಕ್ಷಣದಿಂದ ವಿಶ್ರಾಂತಿಯ ಲೆಕ್ಕ ಶುರುವಾಗಬೇಕು, ಹೊರಡುವ ಮಾತನ್ನು ಅವರೇ ಆಡಬೇಕು.

ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಎಲ್ಲರೂ ಕೂಡುವವರೆಗೆ ಕಾಯಿರಿ. "ನೇರ ಬಾ" ಎಂದು ಹೇಳಿ ಮುಂದೆ ಹೋಗುವುದು ಸಾಲದು, ಯಾವುದು ನೇರ ಎಂಬುದರಲ್ಲೇ ಗೊಂದಲವಾಗುತ್ತದೆ. ಮೂತ್ರಕ್ಕೆಂದು ದಾರಿ ಬಿಟ್ಟು ಹೋಗುವವರು ಚೀಲವನ್ನು ದಾರಿಯ ಮೇಲೆ ಕಾಣುವಂತೆ ಇಟ್ಟು, ಕೊನೆಯವರಿಗೆ ಹೇಳಿ ಹೋಗಲಿ.

ಹಿಮ್ಮಡಿಯಲ್ಲಿ ಉರಿ ಶುರುವಾದರೆ ಆಗಲೇ ನಿಂತು ಟೇಪ್ ಅಂಟಿಸಬೇಕು. ಗುಳ್ಳೆ ಎದ್ದ ಮೇಲೆ ಮಾಡಬಹುದಾದದ್ದು ಕಡಿಮೆ. ಆದರೆ ಅದಕ್ಕಾಗಿ ಎಲ್ಲರನ್ನೂ ನಿಲ್ಲಿಸುವುದು ಹೇಗೆ ಎಂದು ಜನ ಸಂಕೋಚಪಡುತ್ತಾರೆ, ಎರಡು ನಿಮಿಷ ಉಳಿಸಲು ಹೋಗಿ ಸಂಜೆ ಕುಂಟುತ್ತಾರೆ. ಮುಂದಾಳೇ ನಿಲುಗಡೆಯಲ್ಲಿ "ಯಾರಿಗಾದರೂ ಕಾಲು ಉರಿಯುತ್ತಿದೆಯೇ?" ಎಂದು ಬಾಯಿ ಬಿಟ್ಟು ಕೇಳಬೇಕು.

ಮಕ್ಕಳಿಗೆ "ಇನ್ನೆರಡು ಕಿಲೋಮೀಟರ್" ಎನ್ನುವುದು ಅರ್ಥವಿಲ್ಲದ ಮಾತು. ಮುಂದಿನ ದೊಡ್ಡ ಬಂಡೆ, ಮುಂದಿನ ಸೇತುವೆ, ಐದು ಬಗೆಯ ಎಲೆ ಹುಡುಕುವ ಆಟ, ಇವು ಅವರನ್ನು ನಡೆಸುತ್ತವೆ. ಹಸಿವಾಗುವ ಮೊದಲೇ ತಿನ್ನಲು ಕೊಡಿ. ಹಟ ಎಂದು ನಾವು ಗದರುವುದು ಎಷ್ಟೋ ಸಲ ಹಸಿವಾಗಿರುತ್ತದೆ.

8. ನೀರಿನ ಬಳಿ

ಕುಟುಂಬದ ಪ್ರವಾಸಗಳಲ್ಲಿ ನಾನು ಅತ್ಯಂತ ಕಟ್ಟುನಿಟ್ಟಾಗಿರುವುದು ಇಲ್ಲಿ. ನಡೆದು ಬೆವೆತ ಮೈ, ತಂಪಾದ ನೀರು, ಎಲ್ಲರೂ ಒಟ್ಟಿಗಿರುವ ಸಂಭ್ರಮ ಮೂರೂ ಸೇರಿದಾಗ ಎಚ್ಚರ ತಪ್ಪುತ್ತದೆ. ದೊಡ್ಡವರು ಹತ್ತು ಜನ ದಡದಲ್ಲಿದ್ದರೆ ಮಕ್ಕಳು ಸುರಕ್ಷಿತ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಪ್ರತಿಯೊಬ್ಬರೂ ಉಳಿದ ಒಂಬತ್ತು ಜನ ನೋಡುತ್ತಿದ್ದಾರೆ ಎಂದು ನಂಬಿರುತ್ತಾರೆ. ಆದ್ದರಿಂದ ಹೆಸರು ಹೇಳಿ ಒಬ್ಬರನ್ನು ಕಾವಲಿಗೆ ನೇಮಿಸಿ. ಹದಿನೈದು ನಿಮಿಷ ಅವರ ಕೈಯಲ್ಲಿ ಫೋನ್ ಇರಬಾರದು, ಮಾತಿಗೂ ಕೂರಬಾರದು. ಬಳಿಕ ಇನ್ನೊಬ್ಬರು ಹೆಸರು ಹೇಳಿಯೇ ಸರದಿ ವಹಿಸಿಕೊಳ್ಳಲಿ. ಈಜು ಬಾರದ ಮಗು ನೀರಿನಲ್ಲಿದ್ದರೆ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಲೇಬೇಕು. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಾಟಕ್ಕೇ ಅವಕಾಶವಿರುವುದಿಲ್ಲ, ಕೂಗುವುದಂತೂ ದೂರದ ಮಾತು.

ಯಾರಾದರೂ ಸಿಕ್ಕಿಕೊಂಡರೆ ತರಬೇತಿ ಇಲ್ಲದವರು ಹಿಂದೆಯೇ ಹಾರಬಾರದು. ಹಗ್ಗ, ಕೋಲು, ಗಂಟು ಹಾಕಿದ ಬಟ್ಟೆ, ಮುಚ್ಚಿದ ಖಾಲಿ ಕ್ಯಾನು, ತೇಲುವ ಅಥವಾ ಎಟುಕುವ ಏನನ್ನಾದರೂ ಕೊಡಿ. ಜಲಪಾತದ ಬುಡದ ಮಡುವಿಗೆ ಇಳಿಯಬೇಡಿ, ಆಳ ತಿಳಿಯದ ನೀರಿಗೆ ತಲೆ ಕೆಳಗಾಗಿ ಧುಮುಕಬೇಡಿ. ಮದ್ಯ ಕುಡಿದವರು ನೀರಿಗೆ ಇಳಿಯುವಂತಿಲ್ಲ ಎಂಬುದನ್ನು ಹೊರಡುವ ಮೊದಲೇ ನಿಯಮ ಮಾಡಿ. ನೀರಿನ ಬಳಿ ನಿಂತು ಸೋದರಮಾವನಿಗೆ ಬುದ್ಧಿ ಹೇಳುವುದು ಯಾರಿಗೂ ಸಾಧ್ಯವಾಗುವುದಿಲ್ಲ.

ಹೊಳೆ ದಾಟಬೇಕಾದರೆ ರಭಸವೂ ಆಳವೂ ಎರಡನ್ನೂ ನೋಡಿ. ರಭಸವಾಗಿ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕರನ್ನು ಬೀಳಿಸಬಲ್ಲದು. ನೀರು ಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ, ಕಡ್ಡಿ ಎಲೆಗಳು ತೇಲಿ ಬರುತ್ತಿದ್ದರೆ, ಮೇಲೆ ಎಲ್ಲೋ ಮಳೆಯಾಗಿ ನೀರು ಏರುತ್ತಿದೆ ಎಂದರ್ಥ. ಕೂಡಲೇ ದಡದಿಂದ ಎತ್ತರಕ್ಕೆ ಹೋಗಿ. ದಾಟುವಾಗ ಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಚೀಲವನ್ನು ಕಳಚಿ ಎಸೆಯಲು ಆಗಬೇಕು. ಅನುಮಾನವಿದ್ದರೆ ದಾಟಬೇಡಿ.

9. ಗುಡುಗು ಕೇಳಿದರೆ

ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಇದೆ. ಶಿಖರ, ಬೆಟ್ಟದ ಏಣು, ಬಯಲು, ಒಂಟಿಮರ, ನೀರು ಇವುಗಳಿಂದ ದೂರ ಸರಿಯಿರಿ. ಕಟ್ಟಡ ಅಥವಾ ಲೋಹದ ಮೇಲ್ಛಾವಣಿಯ, ಕಿಟಕಿ ಮುಚ್ಚಿದ ವಾಹನ ಸುರಕ್ಷಿತ. ಡೇರೆ ಸಿಡಿಲಿನಿಂದ ರಕ್ಷಿಸುವುದಿಲ್ಲ. ಬಯಲಲ್ಲೇ ಸಿಕ್ಕಿಬಿದ್ದರೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂರಬೇಡಿ, ದೂರ ದೂರ ಚದುರಿ ತಗ್ಗಿನಲ್ಲಿ ಇರಿ. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾದು ಹೊರಡಿ.

10. ರಾತ್ರಿ ತಂಗುವುದಾದರೆ

ಬೆಳಕಿರುವಾಗಲೇ ಡೇರೆ ಹಾಕಿ. ಹಾಕುವ ಮೊದಲು ತಲೆ ಎತ್ತಿ ನೋಡಿ: ಒಣಗಿದ ಕೊಂಬೆ ಮೇಲೆ ತೂಗುತ್ತಿರಬಾರದು. ತಲೆ ತಗ್ಗಿಸಿಯೂ ನೋಡಿ: ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ ಮೃದುವಾಗಿ ಕರೆಯುತ್ತದೆ, ರಾತ್ರಿ ಮಳೆ ಬಂದರೆ ಅದೇ ಹೊಳೆಯಾಗುತ್ತದೆ. ಮಲಗುವಾಗ ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ, ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಎಷ್ಟೇ ಚಳಿಯಾದರೂ ಡೇರೆಯೊಳಗೆ ಒಲೆ, ಕೆಂಡ ಇಡಬೇಡಿ. ಆರಿದಂತೆ ಕಾಣುವ ಇದ್ದಿಲೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಹೊರಗೆ ಬೆಂಕಿ ಹಾಕುವುದಕ್ಕೆ ಅನುಮತಿ ಇದ್ದರೆ ಮಾತ್ರ ಹಾಕಿ. ಆರಿಸುವಾಗ ನೀರು ಸುರಿದು ಕೆದಕಿ, ಬೂದಿ ಕೈಗೆ ತಣ್ಣಗೆ ತಾಗುವವರೆಗೂ ಆರಿಸಿ.

ಶೌಚಕ್ಕೆ ನೀರಿನಿಂದ, ದಾರಿಯಿಂದ, ಡೇರೆಯಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಮಣ್ಣು ಮುಚ್ಚಿ. ಕಾಗದ, ಸ್ಯಾನಿಟರಿ ಪ್ಯಾಡ್, ಡೈಪರ್ ಇವನ್ನೆಲ್ಲ ಮುಚ್ಚಿದ ಚೀಲದಲ್ಲಿ ವಾಪಸು ತನ್ನಿ. ಈ ವಿಷಯವನ್ನು ಮೊದಲೇ ನಾಚಿಕೆಯಿಲ್ಲದೆ ವಿವರಿಸಿಬಿಟ್ಟರೆ ನೀರೇ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವ ಹೆಂಗಸರ ಕಷ್ಟ ತಪ್ಪುತ್ತದೆ. ರಾತ್ರಿ ಹೊರಗೆ ಹೋಗುವವರು ಜೊತೆಗೊಬ್ಬರನ್ನು ಎಬ್ಬಿಸಿಕೊಂಡೇ ಹೋಗಲಿ.

11. ಏನಾದರೂ ಆದರೆ

ದಾರಿ ತಪ್ಪಿದೆ ಎಂದು ಅನಿಸಿದ ಕೂಡಲೇ ಕುಳಿತುಬಿಡಿ. ನೀರು ಕುಡಿದು, ಕೊನೆಯದಾಗಿ ಖಚಿತವಾಗಿ ಗುರುತು ಹಿಡಿದ ಜಾಗ ಯಾವುದು ಎಂದು ನೆನಪಿಸಿಕೊಳ್ಳಿ. ಮಕ್ಕಳಿಗೆ ಹೊರಡುವ ಮೊದಲೇ ಒಂದು ಮಾತು ಕಲಿಸಿ: ಒಂಟಿಯಾದರೆ ಹುಡುಕಿಕೊಂಡು ಓಡಬೇಡ, ಒಂದು ಮರದ ಬಳಿ ನಿಂತು ಸೀಟಿ ಊದು, ನಾವು ಬರುತ್ತೇವೆ, ಯಾರೂ ಬೈಯುವುದಿಲ್ಲ. ಕೊನೆಯ ಮಾತನ್ನು ಮರೆಯಬೇಡಿ. ಬೈಗುಳಕ್ಕೆ ಹೆದರಿದ ಮಗು ಹೆಸರು ಕೂಗಿದರೂ ಓಗೊಡದೆ ಇರಬಹುದು. ಪರ್ವತಗಳಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಆಪತ್ತಿನ ಸಂಕೇತವೆಂದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಟಾರ್ಚ್ ಬೆಳಕು, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ನಿಮಿಷಕ್ಕೆ ಮೂರು ಸಲ ಎಂಬುದು ಅದಕ್ಕೆ ಉತ್ತರ.

ಯಾರಿಗಾದರೂ ಪೆಟ್ಟಾಗಿ ಸಹಾಯ ತರಬೇಕಾದರೆ ಒಬ್ಬರನ್ನೇ ಕಳುಹಿಸಬೇಡಿ. ನಾಲ್ವರಿದ್ದರೆ ಒಬ್ಬರು ಗಾಯಗೊಂಡವರ ಬಳಿ ಉಳಿದು, ಇಬ್ಬರು ಹೋಗಲಿ.

ಚಳಿಯಲ್ಲಿ ನಡುಗುತ್ತಿರುವವರ ಮಾತು ತೊದಲತೊಡಗಿದರೆ, ಹೆಜ್ಜೆ ತಪ್ಪತೊಡಗಿದರೆ ದೇಹದ ಬಿಸಿ ಅಪಾಯಕಾರಿಯಾಗಿ ಇಳಿಯುತ್ತಿದೆ. ಒದ್ದೆ ಬಟ್ಟೆ ಬದಲಿಸಿ, ಗಾಳಿ ತಾಗದಂತೆ ಸುತ್ತಿ, ನೆಲದಿಂದ ಬೇರ್ಪಡಿಸಿ, ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಮದ್ಯ ಕೊಡಬೇಡಿ. ಬಿಸಿಲಲ್ಲಿ ನಡೆದವರು ಗೊಂದಲಕ್ಕೆ ಬಿದ್ದು ಅಸಂಬದ್ಧ ಮಾತನಾಡಿದರೆ ಅದು ಬಿಸಿಲಿನ ಆಘಾತ. ನೆರಳಿಗೆ ತಂದು ಮೈಯೆಲ್ಲ ನೆನೆಸಿ, ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ದಾರ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ಬೂಟು ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ಕಟ್ಟಿ, ನಡೆಸದೆ ಹೊತ್ತು ಆಸ್ಪತ್ರೆಗೆ ತಲುಪಿಸಿ. ಹಾವನ್ನು ಹಿಡಿಯಲು ಹೋಗಬೇಡಿ.

2500 ಮೀಟರಿಗಿಂತ ಎತ್ತರದಲ್ಲಿ ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಬಂದರೆ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿದು ಅಲ್ಲಿಯೇ ತಂಗಿ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ನಡೆಯುವಾಗ ತೂರಾಡುವುದು, ಕುಳಿತಾಗಲೂ ಏದುಸಿರು ಕಂಡರೆ ರಾತ್ರಿಯಾದರೂ ಕಾಯದೆ ಇಳಿಯಬೇಕು. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ಎಲ್ಲರಿಗಿಂತ ಗಟ್ಟಿಮುಟ್ಟಾದ ಹುಡುಗನಿಗೂ ಇದು ಬರಬಹುದು, ಅವನೇ ಅದನ್ನು ಕೊನೆಯವರೆಗೆ ಮುಚ್ಚಿಡುತ್ತಾನೆ.

12. ಮರಳುವಾಗ

ವಾಹನದ ಬಳಿ ತಲುಪಿದ ಮೇಲೆ ತಲೆ ಎಣಿಸಿ, ಚೀಟಿ ಇಟ್ಟುಕೊಂಡವರಿಗೆ ಕರೆ ಮಾಡಿ. ಉಣ್ಣಿಗಳಿರುವ ಪ್ರದೇಶವಾದರೆ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಸುಡಬೇಡಿ.

ಬೆಳಿಗ್ಗೆ ನಾಲ್ಕಕ್ಕೆ ಎದ್ದು, ದಿನವಿಡೀ ನಡೆದವರೇ ರಾತ್ರಿ ವಾಹನ ಓಡಿಸುವುದು ಇಡೀ ಪ್ರವಾಸದ ದೊಡ್ಡ ಅಪಾಯಗಳಲ್ಲೊಂದು. ಒಬ್ಬರನ್ನು ಮಧ್ಯದ ನಿಲುಗಡೆಯಲ್ಲಿಯೇ ಉಳಿಸಿ ಮಧ್ಯಾಹ್ನ ಮಲಗಲು ಬಿಡಿ, ಮರಳುವಾಗ ಅವರೇ ಓಡಿಸಲಿ. ಅಂಥವರು ಯಾರೂ ಇಲ್ಲದಿದ್ದರೆ ಆ ರಾತ್ರಿ ಅಲ್ಲಿಯೇ ಹತ್ತಿರದಲ್ಲಿ ತಂಗಿ. ಮರುದಿನ ಕಚೇರಿಗೆ ಹೋಗಲೇಬೇಕು ಎನ್ನುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ, ಆದ್ದರಿಂದ ರಜೆ ಹಾಕುವಾಗಲೇ ಒಂದು ದಿನ ಹೆಚ್ಚು ಹಾಕಲು ಹೇಳಿ. ಡೇರೆಯನ್ನು ಒದ್ದೆಯಾಗಿಯೇ ಮಡಚಿಟ್ಟರೆ ಬೂಸಲು ಹಿಡಿಯುತ್ತದೆ. ಆ ಹೆಚ್ಚುವರಿ ದಿನ ಅದನ್ನು ಬಿಚ್ಚಿ ಒಣಗಿಸಿ, ಔಷಧಿ ಚೀಲದಲ್ಲಿ ಖಾಲಿಯಾದದ್ದನ್ನು ತುಂಬಿಸಿ, ಟಾರ್ಚ್‌ಗಳ ಬ್ಯಾಟರಿ ತೆಗೆದಿಡಿ.